ನೀಲಗಿರಿಯ ಚಳಿಯೂ ಮನೆಯ ಬೆಂಕಿಯೂ
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯೆಯ ಮಹತ್ತ್ವವನ್ನು ಕುರಿತು ಹಿರಿಯರು ಈ ವೇದಿಕೆಯಿಂದ ಬಹಳ ಮಾತುಗಳನ್ನಾಡಿದ್ದಾರೆ. ನಾವು ಇಂದು ಎತ್ತಿಕೊಂಡಿರುವುದು ಅಡಿಗೆಮನೆಗೂ ಮಲಗುವ ಕೋಣೆಗೂ ಸಂಬಂಧಿಸಿದ ಒಂದು ಸಣ್ಣ ವಿಷಯ. ಸಣ್ಣದೆಂದೆವು, ಆದರೆ ಪ್ರಾಣವನ್ನುಳಿಸುವ ವಿಷಯ ಯಾವುದೂ ಸಣ್ಣದಲ್ಲ. ಚಳಿಗಾಲದಲ್ಲಿ ಮನೆಯನ್ನು ಅಪಾಯವಿಲ್ಲದೆ, ಅಲ್ಪ ವೆಚ್ಚದಲ್ಲಿ ಬೆಚ್ಚಗಿಡುವುದು ಹೇಗೆಂಬುದೇ ಆ ವಿಷಯ.

ನಮ್ಮ ಉದಕಮಂಡಲವು ಸಮುದ್ರಮಟ್ಟಕ್ಕಿಂತ ಸುಮಾರು ೨,೨೪೦ ಮೀಟರ್ ಎತ್ತರದಲ್ಲಿದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಇಲ್ಲಿ ಮೋಡವಿಲ್ಲದ ರಾತ್ರಿಗಳು ಹೆಚ್ಚು. ಮೋಡದ ಹೊದಿಕೆಯಿಲ್ಲದಾಗ ನೆಲವು ಹಗಲಿನಲ್ಲಿ ಪಡೆದ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣಗಾದ ಗಾಳಿಯು ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದುದರಿಂದಲೇ ಕಣಿವೆಯ ಹುಲ್ಲಿನ ಮೇಲೆ ಬೆಳಿಗ್ಗೆ ಬಿಳಿಯ ಹಿಮ ಕಾಣುವಾಗ, ಇಳಿಜಾರಿನ ಮೇಲಿನ ಮನೆಯಂಗಳದಲ್ಲಿ ಅದು ಕಾಣದಿರಬಹುದು.

ಈ ಬೆಟ್ಟದ ಹಳೆಯ ನಿವಾಸಿಗಳು ಚಳಿಯನ್ನು ಬಲ್ಲವರಾಗಿದ್ದರು. ತೋಡರ ಸಾಂಪ್ರದಾಯಿಕ ಗುಡಿಸಲನ್ನು ನೋಡಿರಿ: ಕಮಾನಿನಂತೆ ಬಾಗಿದ ಮಾಡು, ತೆವಳಿ ಒಳಹೊಗಬೇಕಾದಷ್ಟು ಕಿರಿದಾದ ಬಾಗಿಲು. ಒಳಗೆ ಒಲೆ ಉರಿದರೂ ಅದರ ಹೊಗೆ ಹುಲ್ಲಿನ ಮಾಡಿನ ಸಂದುಗಳಿಂದ ಮೆಲ್ಲನೆ ಹೊರಬೀಳುತ್ತಿತ್ತು. ಅನಂತರ ಬಂದ ಯೂರೋಪಿಯನ್ನರು ತಮ್ಮ ಬಂಗಲೆಗಳಲ್ಲಿ ಹೊಗೆಗೂಡುಗಳನ್ನು ಕಟ್ಟಿಸಿದರು. ಸೌದೆಯ ಅಭಾವ ನೀಗಲೆಂದು ೧೯ನೆಯ ಶತಮಾನದಲ್ಲಿ ನೀಲಗಿರಿ ಮರವನ್ನೂ ವ್ಯಾಟಲ್ ಮರವನ್ನೂ ಆಸ್ಟ್ರೇಲಿಯಾದಿಂದ ತಂದು ನೆಟ್ಟರು. ಗುಡಿಸಲಿರಲಿ, ಬಂಗಲೆಯಿರಲಿ, ಹೊಗೆಗೆ ಹೊರದಾರಿಯಂತೂ ಇದ್ದೇ ಇತ್ತು.

ಈಗ ನಮ್ಮಲ್ಲನೇಕರ ವಾಸ ಸಿಮೆಂಟಿನ ಕೋಣೆಗಳಲ್ಲಿ. ಕಿಟಕಿಗೆ ಗಾಜು, ಮೇಲೆ ಕಾಂಕ್ರೀಟು; ಹೊಗೆಗೂಡಿಲ್ಲ. ಮನೆ ಬದಲಾಯಿತು, ಅಭ್ಯಾಸ ಮಾತ್ರ ಬದಲಾಗಲಿಲ್ಲ. ಅಗ್ಗಿಷ್ಟಿಕೆಯಲ್ಲಿ ಇದ್ದಿಲಿನ ಕೆಂಡವನ್ನು ತುಂಬಿ, ಮಂಚದ ಬಳಿಯಿಟ್ಟು, ಬಾಗಿಲು ಹಾಕಿಕೊಂಡು ಮಲಗುವವರು ಇಂದಿಗೂ ಇದ್ದಾರೆ. ಹೀಗೆ ಮಲಗಿದವರು ಬೆಳಿಗ್ಗೆ ಏಳಲಿಲ್ಲವೆಂಬ ವಾರ್ತೆಯನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದದವರಾರು?

ಇದಕ್ಕೆ ಕಾರಣವೇನು? ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತುವನ್ನು ಈ ಅನಿಲವು ಪ್ರಾಣವಾಯುವಿಗಿಂತ ೨೦೦ ಪಟ್ಟಿಗೂ ಮಿಕ್ಕಿ ಬಲವಾಗಿ ಹಿಡಿದುಕೊಳ್ಳುತ್ತದೆ. ಬಸ್ಸಿನ ಆಸನಗಳನ್ನೆಲ್ಲ ಬೇರೆಯವರು ಹಿಡಿದು ಕುಳಿತರೆ ಟಿಕೆಟ್ಟು ಪಡೆದವನು ಹೇಗೆ ನಿಲ್ದಾಣದಲ್ಲೇ ಉಳಿಯುವನೋ, ಹಾಗೆ ಪ್ರಾಣವಾಯು ಉಳಿದುಬಿಡುತ್ತದೆ. ಮೆದುಳಿಗೂ ಹೃದಯಕ್ಕೂ ತಲಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ; ಬಳಿಕ ನಿಶ್ಶಕ್ತಿ, ಮಂಪರು. ಎದ್ದು ಬಾಗಿಲು ತೆರೆಯೋಣವೆಂದರೆ ಕಾಲು ಏಳದು. ನಿದ್ರೆಯಲ್ಲಿರುವವನಿಗಂತೂ ಎಚ್ಚರಿಕೆಯೇ ಆಗದು. ಹಳ್ಳಿ ಪೇಟೆ, ಬಡವ ಬಲ್ಲಿದ ಎಂಬ ಭೇದ ಇದಕ್ಕಿಲ್ಲ. ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ ೧೯೦೨ರಲ್ಲಿ ಪ್ಯಾರಿಸ್ಸಿನ ತನ್ನ ಮನೆಯಲ್ಲಿ ಮಡಿದುದು ಇದೇ ಅನಿಲದಿಂದ; ಮಲಗುವ ಕೋಣೆಯ ಹೊಗೆಗೂಡು ಹೊಗೆಯನ್ನು ಎಳೆದುಕೊಳ್ಳಲಿಲ್ಲ.

ಇಲ್ಲಿ ಮೂರು ತಪ್ಪು ತಿಳಿವಳಿಕೆಗಳನ್ನು ಹೋಗಲಾಡಿಸಬೇಕಾಗಿದೆ. ಹೊಗೆಯಿಲ್ಲದ ಕೆಂಡ ನಿರಪಾಯವೆಂಬುದು ಮೊದಲನೆಯದು. ಹೊಗೆಯಾದರೋ ಕಣ್ಣುರಿಸಿ ನಮ್ಮನ್ನು ಹೊರಗಟ್ಟುತ್ತದೆ. ಕೆಂಡವು ಹಿತವಾಗಿ ಕಾಯಿಸುತ್ತಲೇ ಕೊಲ್ಲುತ್ತದೆ. ಬೂದಿ ಮುಚ್ಚಿದರೆ ಸಾಕೆಂಬುದು ಎರಡನೆಯದು. ಬೂದಿಯಡಿಯ ಕೆಂಡವೂ ವಿಷವನ್ನು ಬಿಡುತ್ತಲೇ ಇರುತ್ತದೆ. ಕೋಣೆಯಲ್ಲಿ ಒಂದು ಪಾತ್ರೆ ನೀರಿಟ್ಟರೆ ವಿಷವು ಅದರಲ್ಲಿ ಇಂಗುವುದೆಂಬುದು ಮೂರನೆಯದು. ಈ ಅನಿಲ ನೀರಿನಲ್ಲಿ ಕರಗುವುದು ಅತ್ಯಲ್ಪ, ನೀರಿನಿಂದ ರಕ್ಷಣೆಯಿಲ್ಲ.

ಆದುದರಿಂದ ನಿಯಮವಿಷ್ಟೆ: ಇದ್ದಿಲಿನ ಅಗ್ಗಿಷ್ಟಿಕೆ ಅಂಗಳದಲ್ಲಿರಲಿ, ಮನೆಯೊಳಗೆ ಬಾರದಿರಲಿ. ಕಿಟಕಿಯನ್ನು ಬೆರಳಗಲ ತೆರೆದಿಟ್ಟೆವೆಂಬ ಧೈರ್ಯದಿಂದ ಅದರ ಬಳಿ ನಿದ್ರಿಸಕೂಡದು. ಹೊಗೆಗೂಡಿರುವ ಮನೆಯವರು ಚಳಿಗಾಲಕ್ಕೆ ಮೊದಲೇ ಮಸಿಯನ್ನೂ ಹಕ್ಕಿಗೂಡನ್ನೂ ತೆಗೆಸಬೇಕು. ಚೆನ್ನಾಗಿ ಒಣಗಿದ ಸೌದೆಯನ್ನೇ ಉರಿಸಬೇಕು. ಅಡಿಗೆಯ ಗ್ಯಾಸ್ ಒಲೆಯಿಂದ ಕೋಣೆಯನ್ನು ಕಾಯಿಸುವುದೂ, ಗಾಳಿಯಾಡದ ಸ್ನಾನದ ಕೋಣೆಯಲ್ಲಿ ಗ್ಯಾಸ್ ಗೀಸರ್ ಇಡುವುದೂ ಇಂಥದೇ ಅಪಾಯ. ಯಾರಿಗಾದರೂ ವಿಷ ತಗಲಿತೆಂದು ಸಂಶಯವಾದರೆ ಮೊದಲು ಬಾಗಿಲು ಕಿಟಕಿಗಳನ್ನು ತೆರೆದು, ಅವರನ್ನು ಹೊರಗಿನ ಗಾಳಿಗೆ ತಂದು, ಒಡನೆ ೧೦೮ಕ್ಕೆ ಕರೆ ಮಾಡಬೇಕು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಿ ವೈದ್ಯರಿಗೆ ತೋರಿಸದೆ ಬಿಡಬಾರದು.

ಹಾಗಾದರೆ ವಿದ್ಯುತ್ ಹೀಟರ್ ಕೊಳ್ಳೋಣವೇ ಎಂದು ಕೇಳುವಿರಿ. ಅದರಲ್ಲಿ ಏನೂ ಉರಿಯದಾದ್ದರಿಂದ ಈ ವಿಷಾನಿಲದ ಭಯವಿಲ್ಲ. ಆದರೆ ಬೆಂಕಿಯ ಭಯವೂ ಖರ್ಚಿನ ಭಯವೂ ಇವೆ. ೨,೦೦೦ ವ್ಯಾಟಿನ ಹೀಟರ್ ಸುಮಾರು ೯ ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ದೀಪ, ರೇಡಿಯೋಗಳಿಗೆಂದಿರುವ ೬ ಆಂಪಿಯರಿನ ಸಾಕೆಟ್ಟು ಅದನ್ನು ತಾಳದು. ಅರ್ಥ್ ತಂತಿಯುಳ್ಳ ೧೬ ಆಂಪಿಯರಿನ ಸಾಕೆಟ್ಟೇ ಬೇಕು. ಹಾಸಿಗೆ, ಪರದೆಗಳಿಂದ ಒಂದು ಮೀಟರಾದರೂ ದೂರವಿರಬೇಕು. ಅದರ ಮೇಲೆ ಒದ್ದೆ ಬಟ್ಟೆಯನ್ನು ಒಣಗಿಸಬಾರದು. ಮಲಗುವ ಮುನ್ನ ಆರಿಸಬೇಕು.

ಖರ್ಚಿನ ಲೆಕ್ಕವನ್ನು ಮಕ್ಕಳೇ ಮಾಡಲಿ. ೧,೦೦೦ ವ್ಯಾಟಿನ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್ಟು, ೮ ಗಂಟೆಗೆ ೮ ಯೂನಿಟ್ಟು, ತಿಂಗಳಿಗೆ ೨೪೦. ಇದಕ್ಕೆ ಪ್ರತಿಯಾಗಿ, ೨ ಲೀಟರ್ ನೀರನ್ನು ೧೫ ಡಿಗ್ರಿಯಿಂದ ೬೦ ಡಿಗ್ರಿಗೆ ಕಾಯಿಸಲು ಬೇಕಾದ ಶಾಖ ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲು ಮಾತ್ರ. ಆ ನೀರನ್ನು ರಬ್ಬರಿನ ಚೀಲಕ್ಕೆ ತುಂಬಿ, ಬಿರಡೆಯನ್ನು ಬಿಗಿದು, ಬಟ್ಟೆ ಸುತ್ತಿ, ಮಲಗುವುದಕ್ಕೆ ಅರ್ಧ ಗಂಟೆ ಮುಂಚೆ ಕಂಬಳಿಯೊಳಗಿಟ್ಟರೆ ಹಾಸಿಗೆ ಬೆಚ್ಚಗಾಗುತ್ತದೆ. ಕೂಸುಗಳ ಹಾಸಿಗೆಯಿಂದ ಮಾತ್ರ ಮಲಗಿಸುವ ಮುನ್ನವೇ ಅದನ್ನು ತೆಗೆಯಬೇಕು. ಕೋಣೆಯನ್ನೆಲ್ಲ ಕಾಯಿಸುವುದಕ್ಕಿಂತ ಮನುಷ್ಯನನ್ನು ಕಾಯಿಸುವುದು ಅಗ್ಗ: ಇದೇ ಮಿತವ್ಯಯದ ಮೂಲಸೂತ್ರ.

ಎರಡನೆಯ ಸೂತ್ರ, ಬಂದ ಶಾಖವನ್ನು ಹೋಗಗೊಡದಿರುವುದು. ಹಗಲು ಬಿಸಿಲು ಬೀಳುವ ಕಿಟಕಿಯ ಪರದೆಯನ್ನು ಸರಿಸಿಡಿರಿ. ಸೂರ್ಯ ಇಳಿಯುವ ಮೊದಲೇ ಮುಚ್ಚಿರಿ. ಬಾಗಿಲಡಿಯ ಸಂದಿಗೆ ಹಳೆಯ ಬಟ್ಟೆಯ ಸುರುಳಿಯನ್ನಿಡಿರಿ. ಸಿಮೆಂಟು ನೆಲಕ್ಕೆ ಗೋಣಿತಾಟು, ಅದರ ಮೇಲೆ ಚಾಪೆ ಹಾಸಿರಿ. ತಗಡಿನ ಮಾಡಿದ್ದರೆ ಅದರ ಕೆಳಗೆ ಹಲಗೆಯ ಹೊದಿಕೆ ಮಾಡಿಸಿದ ಖರ್ಚು ವ್ಯರ್ಥವಾಗದು. ಒಂದು ದಪ್ಪ ಅಂಗಿಗಿಂತ ಎರಡು ತೆಳು ಅಂಗಿಗಳ ನಡುವಿನ ಗಾಳಿ ಹೆಚ್ಚು ಬೆಚ್ಚಗಿಡುತ್ತದೆ. ಸಂಜೆ ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಸೇರಿರಿ. ಸುಮ್ಮನೆ ಕುಳಿತ ವಯಸ್ಕನ ದೇಹವೇ ಸುಮಾರು ೧೦೦ ವ್ಯಾಟಿನಷ್ಟು ಶಾಖ ಕೊಡುತ್ತದೆ. ಖರ್ಚಿಲ್ಲದ ಹೀಟರ್ ಅದು! ಮಕ್ಕಳ ಓದೂ ಅಜ್ಜಿಯ ಕಥೆಯೂ ಅಲ್ಲೇ ನಡೆಯಲಿ. ಆದರೆ ನೆನಪಿರಲಿ: ಸಂದುಗಳನ್ನು ಮುಚ್ಚುವುದು ಬೆಂಕಿಯಿಲ್ಲದ ಕೋಣೆಗೆ ಮಾತ್ರ. ಬೆಂಕಿಯಿದ್ದೆಡೆ ಗಾಳಿಗೆ ದಾರಿಯಿರಲೇಬೇಕು.

ಹಾಸಿಗೆಯಿದ್ದಷ್ಟು ಕಾಲು ಚಾಚೆಂದರು ಹಿರಿಯರು. ಆ ಹಾಸಿಗೆಯನ್ನು ಬೆಚ್ಚಗಿಡುವುದಕ್ಕೂ ಇದ್ದಷ್ಟರಲ್ಲೇ ದಾರಿಯುಂಟು. ಮಕ್ಕಳೇ, ಇಂದು ಸಂಜೆ ನೀವು ಮಾಡಬೇಕಾದ ಮನೆಪಾಠವೊಂದಿದೆ. ನಿಮ್ಮ ಮನೆಯಲ್ಲಿ ರಾತ್ರಿ ಅಗ್ಗಿಷ್ಟಿಕೆ ಎಲ್ಲಿರುತ್ತದೆಂದು ನೋಡಿರಿ. ಒಳಗಿದ್ದರೆ, "ಅಪ್ಪಾ, ಇದನ್ನು ಹೊರಗಿಡೋಣ" ಎಂದು ಕೇಳಿಕೊಳ್ಳಿರಿ. ನಿಮ್ಮ ಬಲಮನೆಯವರಿಗೂ ಎಡಮನೆಯವರಿಗೂ, ದೂರದೂರಿಂದ ತೋಟದ ಕೆಲಸಕ್ಕೆ ಬಂದು ಒಂದೇ ಕೋಣೆಯಲ್ಲಿ ನಾಲ್ವರು ಮಲಗುವವರಿಗೂ ಕಾರಣಸಹಿತ ತಿಳಿಯಹೇಳಿರಿ. ಶಾಲೆಯಲ್ಲಿ ಕಲಿತುದು ಮನೆಯವರ ಉಸಿರನ್ನು ಕಾಯುವಂತಾದರೆ, ಶಾಲೆ ನಡೆಸುವ ನಮಗೆ ಅದಕ್ಕಿಂತ ದೊಡ್ಡ ಸಾರ್ಥಕ್ಯ ಬೇರೊಂದಿಲ್ಲ.