ಇಷ್ಟು ದೊಡ್ಡ ಕೆರೆಗೆ ಇಷ್ಟೇ ಏರಿ ಸಾಕೇ?

ಮಕ್ಕಳೇ, ಮೊದಲು ಒಂದು ಒಗಟು. ಎರಡು ಕೆರೆಗಳಿವೆ ಅಂದುಕೊಳ್ಳಿ. ಒಂದು ನಿಮ್ಮ ಶಾಲೆಯ ಮೈದಾನದಷ್ಟು ಪುಟ್ಟದು. ಇನ್ನೊಂದು ಆಚೆ ದಡ ಮಸುಕಾಗಿ ಕಾಣುವಷ್ಟು ದೊಡ್ಡದು. ಏರಿಯ ಬುಡದಲ್ಲಿ ನೀರಿನ ಆಳ ಮಾತ್ರ ಎರಡರಲ್ಲೂ ಒಂದೇ. ಈಗ ಎರಡೂ ಏರಿಗಳಲ್ಲಿ ಒಂದೊಂದು ಮೀಟರ್ ಉದ್ದದ ತುಂಡನ್ನು ಗುರುತು ಮಾಡಿ. ನೀರು ಯಾವ ತುಂಡನ್ನು ಹೆಚ್ಚು ಜೋರಾಗಿ ನೂಕುತ್ತದೆ?

"ದೊಡ್ಡ ಕೆರೆಯದನ್ನೇ, ಅದರಲ್ಲಿ ಕೇಳೋದೇನು!" ಅನ್ನುತ್ತೀರಿ, ಅಲ್ಲವೇ? ಉತ್ತರವನ್ನು ಈಗಲೇ ಹೇಳುವುದಿಲ್ಲ. ಅದು ಸಿಗುವ ಜಾಗಕ್ಕೇ ಹೋಗೋಣ ಬನ್ನಿ.

ದಾವಣಗೆರೆ ಜಿಲ್ಲೆಯ ಚನ್ನಗಿರಿ ಅಡಿಕೆ ತೋಟಗಳ ಸೀಮೆ. ಚನ್ನಗಿರಿ ಪೇಟೆಯಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಸೂಳೆಕೆರೆ ಇದೆ. ಇದಕ್ಕೆ ಶಾಂತಿಸಾಗರ ಎಂಬ ಹೆಸರೂ ಉಂಟು. ಮಳೆಗಾಲ ಮುಗಿದು ಕೆರೆ ತುಂಬಿದ್ದ ಒಂದು ದಿನ ನಾನೊಬ್ಬಳೇ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಒಬ್ಬಳೇ ಹೋಗುವುದರಲ್ಲಿ ಒಂದು ಸುಖವಿದೆ. ಬೇಕಾದಷ್ಟು ಹೊತ್ತು ನಿಂತು ನೋಡಬಹುದು, "ಸಾಕು, ನಡಿ" ಎಂದು ಅವಸರ ಮಾಡುವವರು ಯಾರೂ ಇರುವುದಿಲ್ಲ.

ಈ ಕೆರೆಯನ್ನು ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳು ಎಂದು ಇಲ್ಲಿನವರು ಕಥೆ ಹೇಳುತ್ತಾರೆ. ಕಟ್ಟಿದ ಕಾಲ ಕ್ರಿ.ಶ. 1128ರ ಸುಮಾರು ಎನ್ನುತ್ತಾರೆ. ಅಂದರೆ ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ! ಜೆಸಿಬಿ ಇಲ್ಲ, ಸಿಮೆಂಟ್ ಇಲ್ಲ. ಮನುಷ್ಯರ ತೋಳು, ಎತ್ತುಗಳ ಹೆಗಲು, ಮಣ್ಣು ಮತ್ತು ಕಲ್ಲು, ಇಷ್ಟೇ ಬಂಡವಾಳ. ಕೆರೆಯ ವಿಸ್ತೀರ್ಣವೋ 6,550 ಎಕರೆ, ಸುಮಾರು ಇಪ್ಪತ್ತಾರೂವರೆ ಚದರ ಕಿಲೋಮೀಟರ್.

ಏರಿಯ ಮೇಲೆ ನಿಂತೆ. ಒಂದು ಕಡೆ ನೀರೋ ನೀರು. ಇನ್ನೊಂದು ಕಡೆ ತಗ್ಗಿನಲ್ಲಿ ಹಸಿರು. ಎರಡರ ನಡುವೆ ಈ ಏರಿ. ಅಚ್ಚರಿಯೆಂದರೆ, ಅಷ್ಟು ದೊಡ್ಡ ಕೆರೆಗೆ ಏರಿ ಮಾತ್ರ ಎಷ್ಟು ಗಿಡ್ಡ! ಈ ಗುಡ್ಡದಿಂದ ಆ ಗುಡ್ಡಕ್ಕೆ ಮುಟ್ಟುವಷ್ಟು, ಅಷ್ಟೇ.

ಅಲ್ಲೊಬ್ಬ ಅಜ್ಜ ಬಲೆ ಹೊಲಿಯುತ್ತ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗ. ಹುಡುಗ ನನ್ನನ್ನು ನೋಡಿ ಕೇಳಿಯೇ ಬಿಟ್ಟ: "ಅಕ್ಕಾ, ಅಷ್ಟು ದೂರದಿಂದ ಅಷ್ಟೊಂದು ನೀರು ನೂಕ್ತಾ ಐತಲ್ಲ, ಈ ಏರಿ ಹೆಂಗೆ ನಿಂತೈತೆ?"

ನೋಡಿದಿರಾ, ನಮ್ಮ ಒಗಟನ್ನೇ ಅವನೂ ಕೇಳಿದ!

ನನ್ನ ಚೀಲದಲ್ಲಿ ಪ್ಲಾಸ್ಟಿಕ್ ಬಾಟಲಿ ಇತ್ತು. ಅಜ್ಜನ ಹತ್ತಿರ ದಬ್ಬಣವಿತ್ತು. ಬಾಟಲಿಗೆ ಮೇಲೊಂದು, ನಡುವೆ ಒಂದು, ಕೆಳಗೊಂದು ತೂತು ಮಾಡಿದೆವು. ತುಂಬ ನೀರು ಹಾಕಿ, ಎತ್ತರದ ಕಲ್ಲಿನ ಅಂಚಿನಲ್ಲಿಟ್ಟು, ತೂತುಗಳಿಂದ ಬೆರಳು ತೆಗೆದೆವು. ಮೇಲಿನ ತೂತಿನ ನೀರು ಹತ್ತಿರದಲ್ಲೇ ಬಿತ್ತು. ನಡುವಿನದು ಇನ್ನಷ್ಟು ಮುಂದೆ. ಕೆಳಗಿನದು ಎಲ್ಲಕ್ಕಿಂತ ದೂರ ಚಿಮ್ಮಿತು. ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುತ್ತದೆ, ಏಕೆಂದರೆ ಕೆಳಗಿನ ನೀರಿನ ಮೇಲೆ ಮೇಲಿನ ನೀರಿನ ಭಾರವೆಲ್ಲ ಕೂತಿರುತ್ತದೆ.

ಮುಂದಿನ ಪ್ರಯೋಗ ನೀವು ಮನೆಯಲ್ಲಿ ಮಾಡಿ, ದೊಡ್ಡವರು ಯಾರಾದರೂ ಜೊತೆಗಿರಲಿ. ಒಂದು ಸಣ್ಣ ಬಾಟಲಿ, ಒಂದು ಹಳೆಯ ಅಗಲವಾದ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಎರಡಕ್ಕೂ ತಳದಿಂದ ಒಂದೇ ಎತ್ತರದಲ್ಲಿ ಒಂದೇ ಅಳತೆಯ ತೂತು ಮಾಡಿ. ಎರಡರಲ್ಲೂ ಒಂದೇ ಮಟ್ಟದವರೆಗೆ ನೀರು ತುಂಬಿ, ಅಕ್ಕಪಕ್ಕ ಒಂದೇ ಕಟ್ಟೆಯ ಮೇಲಿಟ್ಟು ಒಟ್ಟಿಗೇ ಬೆರಳು ತೆಗೆಯಿರಿ. ಡಬ್ಬದಲ್ಲಿ ಹತ್ತು ಪಟ್ಟು ನೀರಿದೆ. ಆದರೂ ಎರಡೂ ಧಾರೆಗಳು ಮೊದಲಿಗೆ ಹೆಚ್ಚುಕಡಿಮೆ ಒಂದೇ ದೂರಕ್ಕೆ ಬೀಳುತ್ತವೆ!

ಒಗಟಿನ ಉತ್ತರ ಇದೇ. ಎರಡೂ ತುಂಡುಗಳನ್ನು ನೀರು ಸಮನಾಗಿಯೇ ನೂಕುತ್ತದೆ. ನಿಂತ ನೀರು ಏರಿಯನ್ನು ಎಷ್ಟು ಒತ್ತುತ್ತದೆ ಎಂಬುದನ್ನು ತೀರ್ಮಾನಿಸುವುದು ಆಳ. ಹಿಂದೆ ನೀರು ಎಷ್ಟು ದೂರ ಹರಡಿದೆ ಎಂಬುದಕ್ಕೆ ಅಲ್ಲಿ ಲೆಕ್ಕವೇ ಇಲ್ಲ. ಹಾಗಾದರೆ ದೂರದ ನೀರಿನ ಭಾರವೆಲ್ಲ ಎಲ್ಲಿ ಹೋಯಿತು? ಅದನ್ನು ಅದರ ಕೆಳಗಿನ ನೆಲವೇ ಹೊತ್ತುಕೊಂಡಿದೆ, ಏರಿಯಲ್ಲ.

ಸೂಳೆಕೆರೆಯ ಆಳ 27 ಅಡಿ ಎನ್ನುತ್ತಾರೆ, ಅಂದರೆ ಎಂಟು ಮೀಟರಿಗಿಂತ ತುಸು ಹೆಚ್ಚು. ಒಂದು ಘನ ಮೀಟರ್ ನೀರು ಸಾವಿರ ಲೀಟರ್, ಅದರ ತೂಕ ಒಂದು ಟನ್. ಹಾಗಾಗಿ ಎಂಟು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ನೀರು ಎಂಟು ಟನ್ ತೂಕದಷ್ಟು ಒತ್ತುತ್ತದೆ. ಶಿವಮೊಗ್ಗದ ಹತ್ತಿರ ಸಕ್ರೆಬೈಲಿನ ಆನೆ ಬಿಡಾರ ನೋಡಿದ್ದೀರಾ? ಅಲ್ಲಿನ ಎರಡು ದೊಡ್ಡ ಆನೆಗಳು ಒಟ್ಟಿಗೆ ಒರಗಿ ನಿಂತಂತೆ! ನೀರಿನ ಮೇಲ್ಮಟ್ಟದಲ್ಲಿ ಈ ಒತ್ತಡ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದಕ್ಕೇ ಮಣ್ಣಿನ ಏರಿಯ ಬುಡ ಅಗಲ, ತಲೆ ಕಿರಿದು. ಬುಡ ಅಗಲವಾಗಿದ್ದರೆ ಇನ್ನೊಂದು ಲಾಭವೂ ಇದೆ. ಮಣ್ಣಿನೊಳಗೆ ಜಿನುಗುವ ನೀರು ಆಚೆ ಬದಿಗೆ ತಲುಪಬೇಕಾದರೆ ಬಹು ದೂರ ಸಾಗಬೇಕು, ಅಷ್ಟರಲ್ಲಿ ಅದರ ಶಕ್ತಿ ಉಡುಗಿರುತ್ತದೆ.

ಕಟ್ಟಿದವರ ಜಾಣತನ ಎಲ್ಲಿದೆ ಎಂದು ಈಗ ಹೊಳೆಯಿತೇ? ಹರಿದ್ರಾ ಎಂಬ ಹೊಳೆ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳಿ ಹರಿಹರದ ಕಡೆಗೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ಆ ಇಕ್ಕಟ್ಟನ್ನೇ ಅವರು ಆರಿಸಿಕೊಂಡರು. ಗಿಡ್ಡ ಏರಿ ಕಟ್ಟಿದರೂ ಸಾಕು, ಹಿಂದಿನ ಬಯಲು ತಾನಾಗಿಯೇ ಕೆರೆಯಾಯಿತು. ಸುತ್ತಲಿನ ಗುಡ್ಡಗಳೇ ಉಳಿದ ಗೋಡೆ! ನೀರಿನ ಒತ್ತಡಕ್ಕೆ ಆಳವೇ ಕಾರಣ ಎಂದು ಯುರೋಪಿನ ಸೈಮನ್ ಸ್ಟೆವಿನ್ ಎಂಬ ಎಂಜಿನಿಯರ್ ಪುಸ್ತಕ ಬರೆದದ್ದು 1586ರಲ್ಲಿ. ಸೂಳೆಕೆರೆಯ ಏರಿ ಅದಕ್ಕೂ ನಾಲ್ಕೂವರೆ ಶತಮಾನ ಮೊದಲೇ ನಿಂತಿತ್ತು.

"ಹಂಗಾದ್ರೆ ಕೆರೆ ಎಷ್ಟು ದೊಡ್ಡದಿದ್ರೂ ಒಂದೇನಾ?" ಹುಡುಗ ಬಿಡಲಿಲ್ಲ. ಒಳ್ಳೆಯ ಪ್ರಶ್ನೆ. ಒಂದೇ ಅಲ್ಲ, ವಿಸ್ತಾರಕ್ಕೆ ಬೇರೆ ಕೆಲಸಗಳಿವೆ.

ಮೊದಲನೆಯದು ಅಲೆ. ಗಾಳಿ ಅಗಲವಾದ ನೀರಿನ ಮೇಲೆ ದೂರದಿಂದ ಬೀಸಿ ಬಂದಷ್ಟೂ ಅಲೆ ದೊಡ್ಡದಾಗುತ್ತದೆ. ಬರಿ ಮಣ್ಣಿಗೆ ಅಲೆ ಬಡಿಯುತ್ತಿದ್ದರೆ ಮಣ್ಣು ಕೊಚ್ಚಿ ಹೋಗುತ್ತದೆ. ಹಳೆಯ ಕೆರೆಗಳಲ್ಲಿ ಏರಿಯ ನೀರಿನ ಬದಿಗೆ ಕಲ್ಲು ಹೊದಿಸುವುದು ಇದಕ್ಕಾಗಿಯೇ.

ಎರಡನೆಯದು ಬಿಸಿಲು. ಈ ಕೆರೆಯಲ್ಲಿ ನೀರು ಆವಿಯಾಗಿ ಒಂದೇ ಒಂದು ಸೆಂಟಿಮೀಟರ್ ಇಳಿಯಿತು ಎನ್ನಿ. ತುಂಬಿದ ಕೆರೆಯಾದರೆ ಹೋದ ನೀರು ಸುಮಾರು 26 ಕೋಟಿ ಲೀಟರ್! ಬಿರುಬೇಸಿಗೆಯಲ್ಲಿ ಅಷ್ಟು ಇಳಿಯಲು ಹೆಚ್ಚು ದಿನ ಬೇಕಾಗುವುದಿಲ್ಲ.

ಮೂರನೆಯದು ಮಳೆ. ಈ ಕೆರೆಗೆ ನೀರು ಹರಿದು ಬರುವ ಜಾಗ, ಅಂದರೆ ಜಲಾನಯನ ಪ್ರದೇಶ, 81,483 ಎಕರೆ. ಕೆರೆಯ ಹನ್ನೆರಡು ಪಟ್ಟಿಗೂ ಹೆಚ್ಚು. ಅಲ್ಲಿ ಸುರಿದ ಒಂದು ಸೆಂಟಿಮೀಟರ್ ಮಳೆಯೆಲ್ಲ ಕೆರೆಗೇ ಬಂದರೆ ನೀರು ಹನ್ನೆರಡು ಸೆಂಟಿಮೀಟರ್ ಏರಬೇಕು. ಹಾಗಾಗುವುದಿಲ್ಲ, ಏಕೆಂದರೆ ಬಾಯಾರಿದ ಹೊಲಗದ್ದೆಗಳು ಮೊದಲ ಮಳೆಯನ್ನು ತಾವೇ ಕುಡಿದುಬಿಡುತ್ತವೆ. ನೆಲ ನೆನೆದ ಮೇಲೆ ಬರುವ ಮಳೆಯೇ ಕೆರೆ ತುಂಬಿಸುವುದು.

ತುಂಬಿದ ನೀರನ್ನು ಹೊಲಕ್ಕೆ ಬಿಡಲು ತೂಬುಗಳಿವೆ. ಇಲ್ಲಿನ ಎರಡು ನಾಲೆಗಳ ಹೆಸರು ಸಿದ್ಧ ಮತ್ತು ಬಸವ. ದೂರದ ಚಿತ್ರದುರ್ಗ ನಗರಕ್ಕೂ ಈ ಕೆರೆಯಿಂದ ಕುಡಿಯುವ ನೀರು ಹೋಗುತ್ತದೆ. ಹೆಚ್ಚಾದ ನೀರಿಗೆ ಕೋಡಿ ಬೇಕೇ ಬೇಕು. ಮಣ್ಣಿನ ಏರಿ ನೀರಿನ ಒತ್ತಡವನ್ನು ತಡೆದೀತು, ಮೇಲಿಂದ ಹರಿದು ಹೋಗುವ ನೀರನ್ನು ಮಾತ್ರ ತಡೆಯಲಾರದು. ಮೊದಲು ಕಿರುಬೆರಳಷ್ಟು ಕೊರಕಲು, ಆಮೇಲೆ ಕಾಲುವೆ, ನೋಡನೋಡುತ್ತ ಏರಿಯೇ ಒಡೆಯುತ್ತದೆ. ಅದಕ್ಕೇ ಕೋಡಿಯ ಮಟ್ಟ ಯಾವಾಗಲೂ ಏರಿಯ ತಲೆಗಿಂತ ಕೆಳಗಿರುತ್ತದೆ.

ಅಲ್ಲಿಂದ ಬಸ್ಸು ಬದಲಿಸಿಕೊಂಡು ಅದೇ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋದೆ. ಅಲ್ಲಿ 16ನೇ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಇದೆ. ನಡುನೀರಿನಲ್ಲಿ ವಸಂತ ಮಂಟಪ, ಸುತ್ತ ಮೆಟ್ಟಿಲುಗಳು. ಸೂಳೆಕೆರೆಯ ಮುಂದೆ ಇದು ಪುಟ್ಟದು. ಆದರೂ ಇಲ್ಲಿ ಎಂಟು ಮೀಟರ್ ನೀರು ನಿಂತರೆ ತಳದ ಒತ್ತಡ ಅಲ್ಲಿನಷ್ಟೇ! ಒಂದು ವ್ಯತ್ಯಾಸವಿದೆ. ಇದು ನೆಲ ಅಗೆದು ಮಾಡಿದ ಕೊಳ. ನೀರು ಗೋಡೆಯನ್ನು ಹೊರಗೆ ನೂಕಿದರೆ ಸುತ್ತಲಿನ ಮಣ್ಣು ಒಳಗೆ ನೂಕುತ್ತದೆ. ನೀರು ಬತ್ತಿದಾಗ ಮಣ್ಣಿನದ್ದೇ ಕೈ ಮೇಲು. ಗೋಡೆ ನೆಟ್ಟಗಿದ್ದರೆ ಒಳಕ್ಕೆ ವಾಲೀತು. ಹಂತಹಂತವಾಗಿ ಹಿಂದೆ ಸರಿಯುವ ಮೆಟ್ಟಿಲುಗಳು ಆ ನೂಕಾಟವನ್ನು ತಡೆದುಕೊಳ್ಳುತ್ತವೆ. ನಮಗೆ ಇಳಿಯಲು ದಾರಿ, ಗೋಡೆಗೆ ಬಲ, ಎರಡೂ ಒಂದರಲ್ಲೇ.

ಏರಿ ಇಷ್ಟು ಗಟ್ಟಿಯಾಗಿದ್ದರೆ ಕೆರೆಗೆ ಭಯವೇ ಇಲ್ಲವೇ? ಇದೆ. ಅದು ಹೂಳು. ರಭಸದ ನೀರು ಮಣ್ಣು ಹೊತ್ತು ತರುತ್ತದೆ, ಕೆರೆಗೆ ಬಂದು ನಿಂತೊಡನೆ ಮಣ್ಣನ್ನು ಕೆಳಗಿಳಿಸುತ್ತದೆ. ವರ್ಷ ವರ್ಷವೂ ಹೀಗಾಗಿ ತಳ ಮೇಲೇರುತ್ತದೆ. ಮೇಲಿನಿಂದ ನೋಡಿದರೆ ಕೆರೆ ಅಷ್ಟೇ ಅಗಲ, ಬಿಸಿಲು ಕುಡಿಯುವ ನೀರೂ ಅಷ್ಟೇ. ಒಳಗಿರುವ ನೀರು ಮಾತ್ರ ಕಡಿಮೆ.

ನಿಮ್ಮೂರಿನಲ್ಲೂ ಕೆರೆ ಇದ್ದೀತು. ನೀರಿಗಿಳಿಯಬೇಡಿ, ದೊಡ್ಡವರ ಜೊತೆ ಏರಿಯ ಮೇಲೆ ನಡೆದು ಬನ್ನಿ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ಎರಡು ದಿಣ್ಣೆಗಳ ನಡುವೆ ಏರಿ ಕಟ್ಟಿದ್ದಾರೆಯೇ ಎಂದು ನೋಡಿ ಒಂದು ಚಿತ್ರ ಬರೆಯಿರಿ. ಆಮೇಲೆ ಊರಿನ ಹಿರಿಯರನ್ನು ಕೇಳಿ: "ಅಜ್ಜಾ, ನೀವು ಈಜುತ್ತಿದ್ದ ಕಾಲದಲ್ಲಿ ಇಲ್ಲಿ ಎಷ್ಟು ಆಳವಿತ್ತು? ಈಗ ಎಷ್ಟಿದೆ?" ಎರಡೂ ಉತ್ತರಗಳನ್ನು ಚಿತ್ರದ ಪಕ್ಕದಲ್ಲೇ ಬರೆದಿಡಿ. ನಡುವಿನ ವ್ಯತ್ಯಾಸವೇ ನಿಮ್ಮ ಕೆರೆಯಲ್ಲಿ ತುಂಬಿರುವ ಹೂಳಿನ ಅಂದಾಜು.