ಹುಲಿಯ ಮೂಗು ಸುದ್ದಿ ಓದುತ್ತದೆ

ಮಕ್ಕಳೇ, ಹುಲಿ ಬೇಟೆಯನ್ನು ಹೇಗೆ ಪತ್ತೆಮಾಡುತ್ತದೆ? ವಾಸನೆ ಹಿಡಿದು ಎಂದಿರಾ? ನಾಯಿಗಾದರೆ ಆ ಉತ್ತರ ಸರಿ. ಹುಲಿ ಬೇಟೆಗೆ ಹೆಚ್ಚಾಗಿ ನೆಚ್ಚಿಕೊಳ್ಳುವುದು ಕಣ್ಣನ್ನು, ಕಿವಿಯನ್ನು. ಹಾಗಾದರೆ ಮೂಗು ಯಾತಕ್ಕೆ? ಸ್ವಲ್ಪ ತಾಳಿ, ಹೇಳುತ್ತೇನೆ.

ನಾಗರಹೊಳೆಯ ಕಾಡಿನಲ್ಲಿ ಕತ್ತಲು ಕವಿಯುತ್ತಿದೆ. ನಮಗೆ ಎದುರಿನ ಮರವೂ ಸರಿಯಾಗಿ ಕಾಣದ ಹೊತ್ತು. ಹುಲಿ ಬೇಟೆಗೆ ಹೊರಡುವ ಹೊತ್ತು. ಅದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಪ್ರತಿಫಲಿಸುವ ಒಂದು ಪದರವಿದೆ. ಅಕ್ಷಿಪಟಲವನ್ನು ದಾಟಿಹೋದ ಬೆಳಕು ಈ ಪದರಕ್ಕೆ ತಾಗಿ ಮರಳುತ್ತದೆ. ಹೀಗೆ ಅದೇ ಬೆಳಕು ಎರಡನೇ ಸಲ ಉಪಯೋಗಕ್ಕೆ ಬರುತ್ತದೆ. ರಾತ್ರಿ ಟಾರ್ಚ್ ಬಿಟ್ಟರೆ ಹುಲಿಯ ಕಣ್ಣು ಫಳಫಳ ಹೊಳೆಯುವುದೂ ಇದರಿಂದಲೇ.

ಕಿವಿಗಳಂತೂ ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಬಲ್ಲವು. ತರಗೆಲೆ ಸರಕ್ಕೆಂದರೂ ಸಾಕು, ಸದ್ದು ಎಲ್ಲಿಂದ ಬಂತೆಂದು ತಿಳಿದುಬಿಡುತ್ತದೆ. ಜಿಂಕೆಯ ಕಣ್ಣಿಗೆ ಕಿತ್ತಳೆ ಬಣ್ಣ ಹಸಿರಿನಿಂದ ಬೇರೆಯಾಗಿ ತೋರುವುದಿಲ್ಲ. ಹಾಗಾಗಿ ಹುಲಿ ಹುಲ್ಲಿನಲ್ಲೇ ಬೆರೆತುಹೋಗುತ್ತದೆ. ಆದರೂ ಕಡವೆಯೋ ಮರದ ಮೇಲಿನ ಮುಸುವವೋ ಅದನ್ನು ಕಂಡು ಕೂಗಿತೆಂದರೆ ಬೇಟೆ ಕೆಟ್ಟಂತೆಯೇ. ಹೆಚ್ಚಿನ ಸಲ ಹುಲಿಗೆ ಬೇಟೆ ತಪ್ಪಿಹೋಗುತ್ತದೆ.

ಈಗ ಮೂಗಿಗೆ ಬರೋಣ. ಹುಲಿ ಒಂಟಿಯಾಗಿ ಬಾಳುವ ಪ್ರಾಣಿ. ನೆರೆಯ ಹುಲಿಯ ಸಮಾಚಾರ ಬೇಕು, ಆದರೆ ಎದುರೆದುರು ಬಂದರೆ ಕಾದಾಟವೇ ಆಗಬಹುದು. ಅದಕ್ಕೇ ಅದು ಬಾಲ ಎತ್ತಿ ಮರದ ಬುಡಕ್ಕೆ ವಾಸನೆಯ ಮೂತ್ರ ಚಿಮ್ಮಿಸಿ ಹೋಗುತ್ತದೆ. ಬಾಸ್ಮತಿ ಅನ್ನ ಘಮಘಮಿಸುತ್ತದಲ್ಲ, ಆ ಘಮಕ್ಕೆ ಕಾರಣವಾದ ರಾಸಾಯನಿಕವೇ ಇದರಲ್ಲೂ ಇದೆ! ಇದನ್ನು ಗುರುತಿಸಿದವರು ಕೋಲ್ಕತ್ತದ ವಿಜ್ಞಾನಿ ರತನ್‌ಲಾಲ್ ಬ್ರಹ್ಮಚಾರಿ.

ಆಮೇಲೆ ಆ ದಾರಿಯಲ್ಲಿ ಬಂದ ಹುಲಿ ಮರವನ್ನು ಮೂಸಿ, ಮೇಲ್ದುಟಿ ಸುರುಳಿಸಿ, ಹಲ್ಲು ಕಿರಿಯುತ್ತದೆ. ಆಗ ವಾಸನೆ ಅಂಗುಳಿನ ಮೇಲಿರುವ ‘ಜೇಕಬ್ಸನ್ ಅಂಗ’ಕ್ಕೆ ತಲುಪುತ್ತದೆ. ಬಂದುಹೋದದ್ದು ಗಂಡೋ ಹೆಣ್ಣೋ, ಹೆಣ್ಣಾದರೆ ಅದು ಜೊತೆ ಹುಡುಕುತ್ತಿದೆಯೋ, ಎಲ್ಲ ಸುದ್ದಿಯೂ ಸಿಗುತ್ತದೆ.

ದೂರದವರಿಗೆ ಸುದ್ದಿ ಮುಟ್ಟಿಸಲು ಗರ್ಜನೆ ಇದೆ. ಅದು ಸುಮಾರು 3 ಕಿಲೋಮೀಟರ್‌ವರೆಗೂ ಕೇಳಿಸಬಲ್ಲದು. ತಾಯಿ ಮರಿಗಳು ಹತ್ತಿರ ಬಂದಾಗ ಮೂಗಿನಿಂದ ಮೆಲ್ಲಗೆ ‘ಫುರ್ ಫುರ್’ ಎನ್ನುತ್ತವೆ. ಅದು ಪ್ರೀತಿಯ ಮಾತು.

ಮೈಸೂರು ಮೃಗಾಲಯಕ್ಕೆ ಹೋದಾಗ ಹುಲಿ ಹಲ್ಲು ಕಿರಿದರೆ ಸಿಟ್ಟೆಂದು ಅವಸರದಲ್ಲಿ ತೀರ್ಮಾನಿಸಬೇಡಿ, ಕಿವಿ ನೋಡಿ. ಸಿಟ್ಟುಗೊಂಡ ಹುಲಿ ಕಿವಿ ತಿರುಚಿ, ಅದರ ಹಿಂಬದಿಯ ಬಿಳಿ ಮಚ್ಚೆಯನ್ನು ಮುಂದಕ್ಕೆ ತೋರಿಸುತ್ತದೆ. ಮಚ್ಚೆ ಕಾಣದಿದ್ದರೆ, ಈಗಷ್ಟೇ ಏನನ್ನಾದರೂ ಮೂಸಿತೇ ಎಂದು ಗಮನಿಸಿ.