ರಕ್ತದ ಬಾಟಲಿ ಎಲ್ಲಿಂದ ಬರುತ್ತದೆ?



ಹೆರಿಗೆಗೆ ಸೇರಿಸಿದ ಸೊಸೆಗೆ "ಎರಡು ಬಾಟಲಿ ರಕ್ತ ತನ್ನಿ" ಎಂದು ರಾತ್ರಿ ಹನ್ನೊಂದಕ್ಕೆ ಚೀಟಿ ಕೊಟ್ಟರೆ ನೀವೇನು ಮಾಡುವಿರಿ? ಅಣ್ಣನಿಗೆ, ಮೈದುನನಿಗೆ, ಮಗನ ಗೆಳೆಯರಿಗೆ ಫೋನು ಮಾಡುವಿರಿ. ಇದು ನಮ್ಮ ಮೊಹಲ್ಲಾದ ಕಥೆ ಮಾತ್ರವಲ್ಲ, ಅನೇಕ ಬಡ ದೇಶಗಳ ಕಥೆ.

ವಿಶ್ವ ಆರೋಗ್ಯ ಸಂಸ್ಥೆಯು 2018ರ ಮಾಹಿತಿಯಿಂದ ಮಾಡಿದ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.85 ಕೋಟಿ ಸಲ ರಕ್ತದಾನವಾಗುತ್ತದೆ. ಅದರಲ್ಲಿ ಶೇ. 40ರಷ್ಟು ಶ್ರೀಮಂತ ದೇಶಗಳದು. ಅಲ್ಲಿರುವ ಜನವೋ ಶೇ. 16 ಮಾತ್ರ! ಸಾವಿರ ಜನರಿಗೆ ಅಲ್ಲಿ 31ಕ್ಕೂ ಹೆಚ್ಚು ದಾನ, ಅತಿ ಬಡ ದೇಶಗಳಲ್ಲಿ ಕೇವಲ 5. ಶ್ರೀಮಂತ ದೇಶಗಳಲ್ಲಿ ರಕ್ತ ಪಡೆಯುವವರು ಹೆಚ್ಚಾಗಿ ಅರವತ್ತು ದಾಟಿದವರು. ಬಡ ದೇಶಗಳಲ್ಲಿ ಐದು ವರ್ಷದೊಳಗಿನ ಕಂದಮ್ಮಗಳು.

ಕೊರತೆಯಿದ್ದಲ್ಲಿ ಸುರಕ್ಷತೆಯೂ ಕೆಡುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಾನಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್‌ಗಾಗಿ ಪರೀಕ್ಷಿಸುತ್ತಾರೆ. ನಮ್ಮ ದೇಶದಲ್ಲಿ ಮಲೇರಿಯಾಕ್ಕೂ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಯಾವ ಪರೀಕ್ಷೆಗೂ ಅದು ಸಿಗದೆ ಹೋಗಬಹುದು. ಆ ದಿನಗಳಲ್ಲಿ ನಮ್ಮನ್ನು ಕಾಯುವುದು ದಾನಿಯ ಪ್ರಾಮಾಣಿಕತೆ ಒಂದೇ. ಹಣಕ್ಕಾಗಿ ಬಂದವನು ತನ್ನ ಕಾಯಿಲೆ ಹೇಳುವನೇ? ಬಂಧುಗಳ ಒತ್ತಾಯಕ್ಕೆ ಬಂದ ಹುಡುಗ, ಮಾವನ ಎದುರು ನಿಂತು ನಿಜ ಹೇಳುವನೇ?

ಬ್ರಿಟನ್ನಿನಲ್ಲಿ 1970 ಮತ್ತು 80ರ ದಶಕಗಳಲ್ಲಿ ಹಿಮೋಫೀಲಿಯಾ ರೋಗಿಗಳಿಗೆ ಅಮೆರಿಕದಿಂದ ಔಷಧಿ ತರಿಸಿದರು. ಅದು ಹಣ ಕೊಟ್ಟು, ಜೈಲುಗಳಿಂದಲೂ ಸಂಗ್ರಹಿಸಿದ ಪ್ಲಾಸ್ಮಾದಿಂದ ತಯಾರಾದದ್ದು. ಈ ಔಷಧಿಯಿಂದಲೂ, ಆಸ್ಪತ್ರೆಗಳಲ್ಲಿ ಕೊಟ್ಟ ರಕ್ತದಿಂದಲೂ ಒಟ್ಟು 30,000ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತೆಂದು 2024ರ ಮೇ ತಿಂಗಳಲ್ಲಿ ತನಿಖಾ ವರದಿ ಹೇಳಿತು. ಸಿರಿವಂತ ದೇಶದ ಗತಿ ಇದು. ನಮ್ಮಲ್ಲಿ 1996ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 1998ರ ಜನವರಿಯಿಂದ ರಕ್ತ ಮಾರಾಟ ನಿಷಿದ್ಧ. ಆದರೂ ಅವಸರದಲ್ಲಿ ರಕ್ತ ಹುಡುಕುವವರ ಮುಂದೆ "ದೂರದ ಸಂಬಂಧಿ"ಗಳು ಪ್ರತ್ಯಕ್ಷರಾಗುವುದುಂಟು!

ಆದ್ದರಿಂದ ಯಾರೂ ಕರೆಯದಿದ್ದಾಗ ಹೋಗಿ ಕೊಟ್ಟ ರಕ್ತವೇ ಹೆಚ್ಚು ಸುರಕ್ಷಿತ. ಅದನ್ನು ಒಮ್ಮೆ ಕೊಟ್ಟು ಸುಮ್ಮನಾದರೆ ಸಾಲದು. ಕೆಂಪು ರಕ್ತಕಣಗಳು ಕೆಡದೆ ಉಳಿಯುವುದು 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳು ಐದೇ ದಿನ. ಕಾಲೇಜುಗಳು ಮುಚ್ಚುವ ಏಪ್ರಿಲ್, ಮೇ ತಿಂಗಳಲ್ಲಿ ಶಿಬಿರಗಳಿಲ್ಲದೆ ದಾಸ್ತಾನು ಇಳಿಯುತ್ತದೆ. ಥಲಸ್ಸೇಮಿಯಾ ಇರುವ ಮಗುವಿಗೆ ಆಗಲೂ ರಕ್ತ ಬೇಕೇ ಬೇಕು.

18 ತುಂಬಿ, ತೂಕ 45 ಕಿಲೋ ಇದ್ದು, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ಕೊಡಬಹುದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ. ನಿಶ್ಶಕ್ತಿಯಾಗುತ್ತದೆಂದು ಅಮ್ಮಂದಿರು ಹೆದರುತ್ತಾರೆ. ಕಳೆದ ಸಲ ನಾನು ಬೆಳಿಗ್ಗೆ ಕೊಟ್ಟು, ಸಂಜೆ ನಲವತ್ತು ಉರ್ದು ಉತ್ತರಪತ್ರಿಕೆ ತಿದ್ದಿದೆ. ಸುಸ್ತಾದದ್ದು ಉತ್ತರಗಳನ್ನು ಓದಿ!